ಒಂದು ಮೈಲಿಯ ಕಾಡುದಾರಿ

(ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಸಮೀಪದ ಗ್ರಂಥಾಲಯವೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಮಾತಿನ ನಡುವೆ ಬಂದ ಪುನರುಕ್ತಿಗಳನ್ನು ಬಿಟ್ಟು, ಕೊನೆಯಲ್ಲಿ ಸಭಿಕರು ಕೇಳಿದ ಎರಡು ಪ್ರಶ್ನೆಗಳಿಗೆ ಕೊಟ್ಟ ಉತ್ತರಗಳನ್ನು ಸೇರಿಸಿದ್ದೇನೆ.)

ಹಿರಿಯರೇ, ತಾಯಂದಿರೇ, ವಿದ್ಯಾರ್ಥಿ ಮಿತ್ರರೇ,

ಚೆರ್ಕಳದಿಂದ ಜಾಲ್ಸೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಯ ಬದಿಗೆ ಕುಳಿತವರಿಗೆ ಒಂದು ಅನುಭವ ಆಗಿಯೇ ಇರುತ್ತದೆ. ಮುಳ್ಳೇರಿಯ ಕಳೆದು, ಆದೂರು ದಾಟಿ, ಕೊಟ್ಯಾಡಿಯ ಆಚೆ ಪರಪ್ಪದ ಕಾಡು ಹತ್ತಿರವಾಗುತ್ತಿದ್ದಂತೆ, ಹೊರಗೆ ನೋಡದೆ ಇದ್ದರೂ ಕಿಟಕಿಯ ಮೇಲಿಟ್ಟ ಮೊಣಕೈಗೆ ತಂಪು ತಗಲಿ, ಕಾಡು ಬಂತು ಎಂಬುದು ಗೊತ್ತಾಗುತ್ತದೆ. ಆಸ್ಪತ್ರೆಗೆ, ಸುಳ್ಯದ ಪೇಟೆಗೆ, ಮದುವೆ ಮುಂಜಿಗಳಿಗೆ ಎಂದು ನಾವು ಈ ದಾರಿಯಲ್ಲಿ ಎಷ್ಟೋ ಸಲ ಹೋಗಿ ಬಂದಿದ್ದೇವೆ. ಆದರೆ ಅದೇ ಕಾಡಿನ ಒಳಗೆ ಒಂದು ಫರ್ಲಾಂಗು ದೂರ ನಡೆದವರು ಯಾರೆಲ್ಲ ಎಂದು ನಾನು ಈಗ ಕೇಳಿದಾಗ ಈ ಸಭೆಯಲ್ಲಿ ಎದ್ದ ಕೈಗಳು ಒಂಬತ್ತು. ಅವುಗಳಲ್ಲಿ ಏಳು ಎಪ್ಪತ್ತು ದಾಟಿದವರದು. ಇಂದಿನ ನನ್ನ ಮಾತೆಲ್ಲ ಈ ಒಂಬತ್ತು ಕೈಗಳ ಸುತ್ತಲೇ ಇದೆ.

ಹಿಂದಿನವರಿಗೆ ಕಾಡಿನೊಳಗೆ ಹೋಗುವುದು ಪ್ರವಾಸವಾಗಿರಲಿಲ್ಲ. ಹಟ್ಟಿಗೆ ಹಾಸುವ ಸೊಪ್ಪು, ಒಲೆಗೆ ಸೌದೆ, ಬೇಲಿಗೆ ಮುಳ್ಳು, ಔಷಧಕ್ಕೆ ಕೆತ್ತೆ (ಮರದ ತೊಗಟೆ), ಹೀಗೆ ದಿನಕ್ಕೊಂದು ಕಾರಣ ಇರುತ್ತಿತ್ತು. ನಮ್ಮ ಊರು ಮದ್ರಾಸು ಆಧಿಪತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಲದಿಂದ ಬಂದ ಕುಮ್ಕಿ ಎಂಬ ಸವಲತ್ತು ನಿಮ್ಮಲ್ಲಿ ಹಿರಿಯರಿಗೆಲ್ಲ ತಿಳಿದದ್ದೇ. ವರ್ಗ ಜಮೀನಿನ, ಅಂದರೆ ಕಂದಾಯ ಕಟ್ಟುವ ಸ್ವಂತ ಜಮೀನಿನ, ಗಡಿಯಿಂದ ನೂರು ಗಜದವರೆಗಿನ ಸರಕಾರಿ ಜಾಗದಲ್ಲಿ ಸೊಪ್ಪು ಸೌದೆ ತೆಗೆದುಕೊಳ್ಳಲು ಕೃಷಿಕನಿಗೆ ಇದ್ದ ಅನುಕೂಲ ಅದು. ಆ ನೂರು ಗಜದ ಆಚೆಗೆ 1882ರ ಮದ್ರಾಸು ಅರಣ್ಯ ಕಾಯಿದೆಯ ಕೆಳಗೆ ರಕ್ಷಿತಾರಣ್ಯಗಳು ಬಂದವು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದ ಮೇಲೆ 1961ರ ಕೇರಳ ಅರಣ್ಯ ಕಾಯಿದೆ ಬಂತು. ಕಾಡನ್ನು ಉಳಿಸುವುದಕ್ಕೆ ಈ ಕಾಯಿದೆಗಳು ಬೇಕೇ ಬೇಕು, ಅದರಲ್ಲಿ ನನಗೆ ಎರಡು ಮಾತಿಲ್ಲ. ಆದರೆ ಸೊಪ್ಪಿನ ಕೆಲಸ ನಿಂತು, ಒಲೆಗೆ ಗ್ಯಾಸು ಬಂದು, ಹಟ್ಟಿಗಳು ಬರಿದಾದಂತೆ, ಜನರು ಕಾಡಿನೊಳಗೆ ಹೋಗುವ ಕಾರಣಗಳೂ ಒಂದೊಂದಾಗಿ ಕಳಚಿದವು. ಈಗ ಉಳಿದಿರುವುದು ಗುಡ್ಡದ ತುದಿ ಮುಟ್ಟಿ ಪಟ ತೆಗೆದು ಇಳಿಯುವ ಯುವಕರ ಚಾರಣ ಮಾತ್ರ. ಹರೆಯದವರಿಗೆ ಅದು ಇರಲಿ. ಅಜ್ಜಿಯಂದಿರಿಗೆ, ಮೊಣಕಾಲು ನೋವಿದ್ದವರಿಗೆ, ಸೊಂಟದಲ್ಲಿ ಮಗುವನ್ನು ಎತ್ತಿಕೊಂಡ ತಾಯಿಗೆ, ಎರಡನೆಯ ತರಗತಿಯ ಮಕ್ಕಳಿಗೆ ಯೋಗ್ಯವಾದ ಒಂದು ಮೈಲಿಯ ದಾರಿ ನಮ್ಮ ಕಾಡುಗಳಲ್ಲಿ ಇರಬೇಕು, ಮತ್ತು ಅದು ಕಾಡನ್ನು ಕೆಡಿಸದೆ ಇರಬೇಕು ಎಂಬುದು ನನ್ನ ವಾದ.

ಈ ವಾದಕ್ಕೆ ನಾನು ಬಂದದ್ದು ಒಂದು ತಪ್ಪಿನಿಂದ. ನಿವೃತ್ತನಾದ ಹೊಸತರಲ್ಲಿ, ಊರಿನವರನ್ನು ಕಾಡು ನೋಡಲು ಕರೆದುಕೊಂಡು ಹೋಗುವ ಉತ್ಸಾಹದಲ್ಲಿ, ಕುಂಭ ತಿಂಗಳ (ಫೆಬ್ರವರಿ-ಮಾರ್ಚ್) ಒಂದು ಆದಿತ್ಯವಾರ ಇಪ್ಪತ್ತೆಂಟು ಮಂದಿಯನ್ನು ಹನ್ನೊಂದು ಗಂಟೆಯ ಬಿಸಿಲಿಗೆ ಗುಡ್ಡ ಹತ್ತಿಸಿದೆ. ಎಷ್ಟು ದೂರ ನಡೆದೆವು ಎಂಬುದೇ ಆಗ ನನ್ನ ಲೆಕ್ಕವಾಗಿತ್ತು. ಅರ್ಧದಲ್ಲಿ ಇಬ್ಬರಿಗೆ ತಲೆ ತಿರುಗಿತು, ತಂದ ನೀರು ಸಾಲಲಿಲ್ಲ, ಹಿರಿಯರು ಹಿಂದೆ ಉಳಿದರು, ಮುಂದೆ ಹೋದ ಮಕ್ಕಳು ಕೂಗಾಡುತ್ತ ದಾರಿ ಬಿಟ್ಟು ಓಡಿದರು. ಸಂಜೆ ಎಲ್ಲರೂ ಸುರಕ್ಷಿತವಾಗಿ ಮನೆ ಸೇರಿದರೆಂಬುದು ನಿಜ, ಆದರೆ ಅವರಲ್ಲಿ ಒಬ್ಬರಿಗೂ ಒಂದು ಮರದ ನೆನಪೂ ಉಳಿದಿರಲಿಲ್ಲ. ಆ ತಪ್ಪು ಸಂಪೂರ್ಣ ನನ್ನದು.

ಅದರ ಮರುವರ್ಷ, ಅನುಮತಿ ಪಡೆದು, ಹನ್ನೆರಡು ಜನರೊಂದಿಗೆ, ಬೆಳಗ್ಗೆ ಏಳೂವರೆಗೆ ಹೊರಟೆವು. ನಮ್ಮ ನೆರೆಮನೆಯ ಅಜ್ಜಿ, "ನನ್ನನ್ನು ಕರೆದುಕೊಂಡು ಹೋಗುವಿರಾ ಮಾಷ್ಟ್ರೇ, ಕಾಲು ನೋವುಂಟು, ಆದರೂ ಬರ್ತೇನೆ" ಎಂದಾಗ ಸ್ವಲ್ಪ ಅಂಜಿಕೆಯಿಂದಲೇ ಒಪ್ಪಿದ್ದೆ. ಹಳೆಯ ಸೊಪ್ಪಿನ ದಾರಿಯೊಂದನ್ನು ಹಿಡಿದು ಒಳಗೆ ಹೋದ ಕೂಡಲೇ ಅಜ್ಜಿಯ ನಡಿಗೆಯೇ ಬದಲಾಯಿತು. ಹತ್ತು ಹೆಜ್ಜೆಗೊಮ್ಮೆ ನಿಲ್ಲುತ್ತಾರೆ, ಒಂದು ಎಲೆಯನ್ನು ಕಿತ್ತು ಉಜ್ಜಿ ಮಕ್ಕಳ ಮೂಗಿಗೆ ಹಿಡಿಯುತ್ತಾರೆ, ಮುಂದೆ ಹೋಗುತ್ತಾರೆ. "ಇದು ಕಾಡು ದಾಲ್ಚಿನ್ನಿ. ಇದು ಉಪ್ಪಳಿಗೆ, ಇದರ ಎಲೆ ನೋಡು, ತೊಟ್ಟು ಅಂಚಿನಲ್ಲಿಲ್ಲ, ಎಲೆಯ ಹೊಟ್ಟೆಯಲ್ಲಿ ಕೂತಿದೆ. ಇದು ನೆಕ್ಕರಿಕ, ಹಣ್ಣು ತಿಂದರೆ ನಾಲಿಗೆ ನೇರಳೆಯಾಗ್ತದೆ, ಅಮ್ಮನಿಗೆ ಸುಳ್ಳು ಹೇಳಲಿಕ್ಕಾಗುವುದಿಲ್ಲ." ಎರಡು ಗಂಟೆಯಲ್ಲಿ ನಾವು ನಡೆದದ್ದು ಒಂದು ಮೈಲಿಗಿಂತಲೂ ಕಡಿಮೆ, ಆದರೆ ಒಬ್ಬ ಹುಡುಗಿಯ ನೋಟ್‌ಬುಕ್ಕಿನಲ್ಲಿ ಮೂವತ್ತೊಂದು ಹೆಸರುಗಳು ತುಂಬಿದ್ದವು, ಅವುಗಳಲ್ಲಿ ನಾಲ್ಕು ನನಗೂ ಹೊಸವು. ಕೊನೆಗೆ ಒಂದು ಮರದ ಬುಡದಲ್ಲಿ ಅಗಲವಾಗಿ ಹಬ್ಬಿದ ಬೇರಿನ ಮೇಲೆ ಕುಳಿತು, ಅಂಗೈಯಿಂದ ಆ ಬೇರನ್ನು ಸವರುತ್ತ ಅಜ್ಜಿ, "ಈ ಮರ ಈಗಲೂ ಉಂಟಲ್ಲ!" ಎಂದರು. ಐವತ್ತು ವರ್ಷಗಳ ಹಿಂದೆ ಸೊಪ್ಪಿನ ಕಟ್ಟನ್ನು ತಲೆಗೆ ಏರಿಸಿಕೊಳ್ಳುವ ಮೊದಲು ಅವರು ದಣಿವಾರಿಸುತ್ತಿದ್ದ ಬೇರು ಅದು.

ಆ ದಿನದಿಂದ ನನ್ನ ಲೆಕ್ಕ ಬೇರೆಯಾಯಿತು. ಗಂಟೆಗೆ ಅರ್ಧ ಮೈಲಿ, ಹೆಚ್ಚೆಂದರೆ ಒಟ್ಟು ಒಂದು ಮೈಲಿ. ಅದಕ್ಕಿಂತ ವೇಗವಾಗಿ ನಡೆದರೆ ಕಣ್ಣು ಕಾಲಿನ ಮೇಲೆಯೇ ಇರುತ್ತದೆ, ಕಾಡಿನ ಮೇಲೆ ಇರುವುದಿಲ್ಲ.

ಇನ್ನು ಕಾಡು ಎಂದರೆ ಯಾವುದು ಎಂಬ ಪ್ರಶ್ನೆಗೆ ಬರುತ್ತೇನೆ. ಹಸುರಾಗಿ ಕಾಣುವುದೆಲ್ಲ ಕಾಡಲ್ಲ ಎಂಬುದನ್ನು ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳುವ ಅಗತ್ಯ ಇರಬಾರದು, ಆದರೂ ಇದೆ. ರಬ್ಬರು ತೋಟ ಹಸುರು, ಗೇರು ತೋಟ ಹಸುರು, ಪದವಿನ, ಅಂದರೆ ಗುಡ್ಡದ ಮೇಲಿನ ಬಯಲಿನ, ಮೇಲೆ ನೆಟ್ಟ ಅಕೇಶಿಯಾ ಕೂಡ ಹಸುರು. ಅಕೇಶಿಯಾ ನೆಡುತೋಪಿನೊಳಗೆ ಒಂದು ನಿಮಿಷ ನಿಂತು ನೋಡಿ: ಎಲ್ಲ ಮರಕ್ಕೂ ಒಂದೇ ವಯಸ್ಸು, ನೆಲದಲ್ಲಿ ಒಂದೇ ಬಗೆಯ ಒಣ ಎಲೆ, ಕೆಳಗೆ ಬೆಳೆಯುವ ಗಿಡ ಬೆರಳೆಣಿಕೆಯಷ್ಟು. ನಮ್ಮ ಮೂಲ ಕಾಡಿನಲ್ಲಿ ಎತ್ತರದಲ್ಲಿ ಧೂಪ, ಕಿರಾಲ್‌ಬೋಗಿ, ಹೆಬ್ಬಲಸು. ಅವುಗಳ ನೆರಳಿನಲ್ಲಿ ರಾಂಪತ್ರೆ, ರಕ್ತಮರ, ಪುನರ್ಪುಳಿ. ಅದರ ಕೆಳಗೆ ಕೇಪುಳ, ಬೆತ್ತ, ಬಗೆಬಗೆಯ ಬಳ್ಳಿಗಳು. ನೆಲದಲ್ಲಿ ಮುಂದಿನ ತಲೆಮಾರಿನ ಸಸಿಗಳು. ಒಂದು ಹಿಡಿ ತರಗೆಲೆ ಎತ್ತಿದರೆ ಮೇಲಿನದು ಇಡಿಯ ಎಲೆ, ನಡುವಿನದು ನರಗಳ ಬಲೆ ಮಾತ್ರ ಉಳಿದ ಎಲೆ, ಅಡಿಯದು ಎಲೆಯೋ ಮಣ್ಣೋ ಎಂದು ತಿಳಿಯದ ಕಪ್ಪು ಹುಡಿ. ಮಕ್ಕಳಿಗೆ ನಾನು ಮೊದಲು ತೋರಿಸುವುದು ಇದನ್ನೇ. ಹುಲಿಯನ್ನು ತೋರಿಸುತ್ತೇನೆಂದು ಮಾತು ಕೊಡಲಾಗುವುದಿಲ್ಲ, ತರಗೆಲೆಯನ್ನು ತೋರಿಸಬಹುದು.

ತರಗೆಲೆಯ ಮಾತು ಬಂದಾಗ ನೀರಿನ ಮಾತನ್ನೂ ಹೇಳಲೇಬೇಕು. ನಮ್ಮ ಜಿಲ್ಲೆಗೆ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸಪ್ಟೆಂಬರ್ ಒಳಗೆ. ಆದರೂ ಏಪ್ರಿಲ್ ಬಂದಾಗ ಬಾವಿಗಳು ತಳ ಕಾಣುತ್ತವೆ. ಮುರಕಲ್ಲಿನ (ಜಂಬಿಟ್ಟಿಗೆಯ) ಗುಡ್ಡ ಬೋಳಾಗಿದ್ದರೆ ಅದರ ಮೇಲೆ ಬಿದ್ದ ಮಳೆ ಕೆಲವೇ ಗಂಟೆಗಳಲ್ಲಿ ತೋಡು ಸೇರಿ ಹೊಳೆಗೆ ಇಳಿಯುತ್ತದೆ. ಅದೇ ಗುಡ್ಡದ ನೆತ್ತಿಯಲ್ಲಿ ಕಾಡಿದ್ದರೆ ತರಗೆಲೆಯ ಹಾಸು ನೀರನ್ನು ತಡೆದು, ಬೇರಿನ ಜಾಡಿನಲ್ಲಿ ಒಳಗೆ ಇಳಿಸುತ್ತದೆ. ಬಾಯಾರು ಕಡೆಯ ಕೃಷಿಕರು ಗುಡ್ಡದ ಹೊಟ್ಟೆಗೆ ಸುರಂಗ ಕೊರೆದು, ಪಂಪಿಲ್ಲದೆ ತೋಟಕ್ಕೆ ನೀರು ಹರಿಸುವುದು ಸಾಧ್ಯವಾಗಿರುವುದು ಗುಡ್ಡ ಕುಡಿದ ನೀರನ್ನು ನಿಧಾನವಾಗಿ ಬಿಟ್ಟುಕೊಡುವುದರಿಂದ. ಸುರಂಗವಿರುವ ಮನೆಯಿಂದ ಬಂದ ಮಗುವಿಗೆ ಈ ವಿಷಯವನ್ನು ಪುಸ್ತಕದಿಂದ ಹೇಳುವ ಅಗತ್ಯವೇ ಇಲ್ಲ. ಕಾಡಿನ ನೆಲದ ಮೇಲೆ ಬರಿಗೈ ಇಟ್ಟು ಆ ತಂಪನ್ನು ಮುಟ್ಟಿಸಿದರೆ ಸಾಕು.

ಈಗ ದಾರಿಯ ವಿಷಯ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಸುಲಭ ಎಂಬ ಮಾತನ್ನು ನಮ್ಮಲ್ಲಿ ಹಲವರು ಕಾಂಕ್ರೀಟು ಎಂದು ಅರ್ಥ ಮಾಡಿಕೊಂಡಿದ್ದಾರೆ. ನನಗೆ ಚೆನ್ನಾಗಿ ಗೊತ್ತಿರುವ ಒಂದು ಬನದಲ್ಲಿ, ಅಂದರೆ ದೇವರಕಾಡಿನಲ್ಲಿ, ಹೆಸರು ಇಲ್ಲಿ ಬೇಡ, ಭಕ್ತರಿಗೆ ಕೆಸರಾಗಬಾರದು ಎಂಬ ಒಳ್ಳೆಯ ಉದ್ದೇಶದಿಂದಲೇ ಕಲ್ಲಿನ ಕಟ್ಟೆಯವರೆಗೆ ಇಂಟರ್‌ಲಾಕ್ ಹಾಸಿದರು. ಹಾಸುವುದಕ್ಕೆ ನೆಲ ಸಮತಟ್ಟು ಮಾಡಬೇಕಾಯಿತು, ಅದಕ್ಕಾಗಿ ಬೇರುಗಳನ್ನು ಕಡಿದರು, ಯಂತ್ರ ಬರಲೆಂದು ಬದಿಯ ಪೊದೆಗಳನ್ನು ಸವರಿದರು. ಮೊದಲ ಮಳೆಗಾಲದಲ್ಲಿ ಹಾಸಿನ ಮೇಲೆ ಹರಿದ ನೀರು ಕೆಳಗಿನ ತುದಿಯಲ್ಲಿ ಮೊಣಕಾಲಾಳದ ಹೊಂಡ ಕೊರೆಯಿತು. ಎರಡನೆಯ ಮಳೆಗಾಲಕ್ಕೆ ಹಾವಸೆ ಕಟ್ಟಿ, ಮಣ್ಣಿನ ದಾರಿಯಲ್ಲಿ ಎಂದೂ ಬೀಳದಿದ್ದವರು ಅದರ ಮೇಲೆ ಜಾರಿ ಬಿದ್ದರು. ಮೂರನೆಯ ಬೇಸಗೆಯಲ್ಲಿ, ಬೇರು ಕಡಿಸಿಕೊಂಡಿದ್ದ ಒಂದು ಹೆಬ್ಬಲಸು ತುದಿಯಿಂದ ಒಣಗತೊಡಗಿತು. ಆ ಮರವನ್ನು ಪ್ರತಿ ಸಲ ಕಂಡಾಗಲೂ ನನಗೆ ಸಂಕಟವಾಗುತ್ತದೆ.

ಒಳ್ಳೆಯ ದಾರಿ ಹೇಗಿರಬೇಕೆಂಬುದನ್ನು ನಮ್ಮ ಹಿರಿಯರ ಸೊಪ್ಪಿನ ದಾರಿಗಳೇ ತೋರಿಸುತ್ತವೆ. ತಲೆಯ ಮೇಲೆ ಭಾರ ಹೊತ್ತವರು ನೇರವಾಗಿ ಗುಡ್ಡ ಇಳಿಯುವುದಿಲ್ಲ. ಇಳಿಜಾರಿಗೆ ಅಡ್ಡವಾಗಿ, ಗುಡ್ಡದ ಮೈಯನ್ನು ಬಳಸುತ್ತ, ಮೊಣಕಾಲಿಗೆ ನೋವಾಗದಂತೆ ಇಳಿಯುತ್ತಾರೆ. ದನಗಳ ದಾರಿಯೂ ಹಾಗೆಯೇ, ಆನೆಯ ದಾರಿಯೂ ಹಾಗೆಯೇ. ಹನ್ನೆರಡು ಅಡಿ ಮುಂದೆ ಹೋಗುವಷ್ಟರಲ್ಲಿ ಒಂದು ಅಡಿಗಿಂತ ಹೆಚ್ಚು ಏರದ ದಾರಿಯಾದರೆ ಕೋಲು ಹಿಡಿದವರೂ ನಡೆಯಬಹುದು. ಅಗಲ ಒಬ್ಬರು ನಡೆಯುವಷ್ಟು ಸಾಕು. ಇಬ್ಬರು ಜೊತೆಯಾಗಿ ನಡೆಯುವ ಅಗಲ ಮಾಡಿದರೆ ಮಾತು ಹೆಚ್ಚುತ್ತದೆ, ಮೇಲಿನ ಕೊಂಬೆಗಳ ನಡುವೆ ಬಿಸಿಲಿನ ಓಣಿ ತೆರೆಯುತ್ತದೆ, ಆ ಬಿಸಿಲಿಗೆ ಕಮ್ಯುನಿಸ್ಟ್ ಗಿಡದಂತಹ ಕಳೆ ಬಂದು ಕೂರುತ್ತದೆ. ಮಳೆನೀರು ದಾರಿಯುದ್ದಕ್ಕೆ ಹರಿಯದಂತೆ ಅಲ್ಲಲ್ಲಿ ಓರೆಯಾಗಿ ಕಣಿ ತೆಗೆದು ಕೆಳಬದಿಗೆ ಬಿಡಬೇಕು. ಅಡಕೆ ತೋಟದಲ್ಲಿ ಕಣಿ ಬಿಡಿಸಿ ಗೊತ್ತಿರುವವರಿಗೆ ಈ ಕೆಲಸವನ್ನು ಹೊರಗಿನಿಂದ ಯಾರೂ ಬಂದು ಕಲಿಸಬೇಕಾಗಿಲ್ಲ. ಬಿದ್ದ ಮರವನ್ನು ದಾರಿಯಿಂದ ಎಳೆದು ಹಾಕುವ ಬದಲು, ಕುಳಿತುಕೊಳ್ಳಲು ಬರುವಂತಿದ್ದರೆ ಅಲ್ಲಿಯೇ ಬಿಡಬೇಕು. ಇನ್ನೂರು ಹೆಜ್ಜೆಗೊಂದು ಕೂರುವ ಜಾಗ ಸಿಕ್ಕರೆ ಎಪ್ಪತ್ತೈದರ ಅಜ್ಜನೂ ಧೈರ್ಯದಿಂದ ಬರುತ್ತಾರೆ. ನನ್ನ ಅನುಭವದಲ್ಲಿ ಹಿರಿಯರನ್ನು ತಡೆಯುವುದು ದೂರವಲ್ಲ. ಕುಳಿತುಕೊಳ್ಳಲು ಜಾಗ ಸಿಗದಿದ್ದರೆ ಏನು ಮಾಡುವುದು ಎಂಬ ಭಯ.

ನಮ್ಮ ಜಿಲ್ಲೆಯಲ್ಲಿ ಇಂತಹ ನಡಿಗೆಗೆ ಎಲ್ಲಿ ಅವಕಾಶವಿದೆ ಎಂದು ಕೇಳುತ್ತೀರಿ. ಹೆಚ್ಚಿನವರಿಗೆ ಗೊತ್ತಿರುವುದು ರಾಣಿಪುರಂ. ಕಾಞಂಗಾಡಿನಿಂದ ಪಾಣತ್ತೂರು ದಾರಿಯಲ್ಲಿ ಪೂರ್ವಕ್ಕೆ, ಐವತ್ತು ಕಿಲೋಮೀಟರಿಗೆ ಸ್ವಲ್ಪ ಕಡಿಮೆ ದೂರದಲ್ಲಿ, ಸಮುದ್ರಮಟ್ಟದಿಂದ ಸುಮಾರು 750 ಮೀಟರು ಎತ್ತರದಲ್ಲಿರುವ ಈ ಜಾಗದ ಹಳೆಯ ಹೆಸರು ಮಾಡತ್ತುಮಲೆ. ಅದರ ಮಗ್ಗುಲಲ್ಲೇ ಕೊಡಗಿನ ತಲಕಾವೇರಿ ವನ್ಯಜೀವಿ ಧಾಮ. 2012ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ ಪಶ್ಚಿಮ ಘಟ್ಟದ 39 ತಾಣಗಳಲ್ಲಿ ಅದೂ ಒಂದು. ರಾಣಿಪುರದಲ್ಲಿ ಅರಣ್ಯ ಇಲಾಖೆಯ ದ್ವಾರದಲ್ಲಿ ಟಿಕೇಟು ಪಡೆದು ಹೊರಟರೆ ಮೊದಲು ದಟ್ಟ ನಿತ್ಯಹರಿದ್ವರ್ಣದ ಕಾಡು, ಅನಂತರ ತೆರೆದ ಹುಲ್ಲುಗಾವಲು, ಕೊನೆಗೆ ಗುಡ್ಡದ ನೆತ್ತಿ. ಬರುವವರೆಲ್ಲರ ಗುರಿ ಆ ನೆತ್ತಿ. ಕಾಡಿನ ಭಾಗವನ್ನು ಅವರು ಹುಲ್ಲುಗಾವಲಿಗೆ ಹೋಗುವ ಓಣಿಯೆಂಬಂತೆ ಬೇಗಬೇಗ ದಾಟುತ್ತಾರೆ. ನಾನು ಹೇಳುವುದು ಇದರ ತಿರುವುಮುರುವು: ಏರಲು ಆಗದವರು ಆ ಕಾಡಿನ ಭಾಗದಲ್ಲೇ ನಿಲ್ಲಲಿ, ಅದೇ ಅವರ ನಡಿಗೆಯಾಗಲಿ. ಬೆಳಗ್ಗೆ ಅಲ್ಲಿ ಸುಮ್ಮನೆ ಕುಳಿತರೆ ಮಂಗಟ್ಟೆ ಹಕ್ಕಿಯ ಕೂಗು ಕೇಳುತ್ತದೆ, ಯಾರೋ ದೂರದಲ್ಲಿ ತಡೆದು ತಡೆದು ನಕ್ಕಂತೆ. ಅದು ತಿಂದು ಉದುರಿಸಿದ ರಾಂಪತ್ರೆಯ ಕಾಯಿ ಕೆಲವೊಮ್ಮೆ ದಾರಿಯಲ್ಲೇ ಸಿಗುತ್ತದೆ: ಎರಡಾಗಿ ಬಿರಿದ ಕಂದು ಸಿಪ್ಪೆ, ಒಳಗೆ ಬೀಜವನ್ನು ಬೆರಳುಗಳಿಂದ ಹಿಡಿದಂತೆ ಸುತ್ತಿಕೊಂಡ ಕೆಂಪು ಪತ್ರೆ. ನೋಡಿ ಅಲ್ಲಿಯೇ ಇಡಿ, ಮುಂದಿನ ಮರ ಆ ಬೀಜದಿಂದಲೇ ಬರಬೇಕು. 2024ರಲ್ಲಿ ಇದೇ ಕಾಡಿನಲ್ಲಿ ಕತ್ತಲಲ್ಲಿ ಹಸುರು ಬೆಳಕು ಸೂಸುವ ಅಣಬೆ ದಾಖಲಾಯಿತು ಎಂಬುದನ್ನು ನಿಮ್ಮಲ್ಲಿ ಕೆಲವರು ಪತ್ರಿಕೆಗಳಲ್ಲಿ ಓದಿರಬಹುದು. ಕೊಳೆಯುವ ಮರವನ್ನು ಎಳೆದು ಹಾಕಬಾರದು ಎಂದು ನಾನು ಹೇಳಿದ್ದಕ್ಕೆ ಅದೂ ಒಂದು ಕಾರಣ.

ಮೊಣಕಾಲಿಗೆ ಇನ್ನೂ ಹಿತವಾದದ್ದು ತೃಕ್ಕರಿಪ್ಪುರದ ಹತ್ತಿರದ ಇಡಯಿಲಕ್ಕಾಡು. ಕವ್ವಾಯಿ ಹಿನ್ನೀರಿನ ನಡುವಿನ ಈ ದ್ವೀಪದಲ್ಲಿ ಒಂದು ನಾಗಕಾವು, ಅಂದರೆ ನಾಗನ ಬನ, ಇದೆ. ಕರಾವಳಿಯ ತಗ್ಗು ನೆಲದಲ್ಲಿ ಒಂದು ಕಾಲಕ್ಕೆ ಎಲ್ಲೆಡೆ ಇದ್ದ ಕಾಡು ಹೇಗಿತ್ತು ಎಂಬುದನ್ನು ತಿಳಿಯಲು ಇಂದು ಉಳಿದಿರುವುದು ಇಂತಹ ತುಣುಕುಗಳೇ. ನೆಲ ಸಮತಟ್ಟು, ಏರಿಲ್ಲ. ಅಲ್ಲಿನ ಮಂಗಗಳಿಗೆ ಊರಿನವರು ಓಣಂ ಸಮಯದಲ್ಲಿ ಎಲೆ ಹಾಕಿ ಊಟ ಬಡಿಸುತ್ತಾರೆ. ಮಕ್ಕಳಿಗೆ ಇದು ಬಹಳ ಇಷ್ಟ. ಆದರೆ ಆ ಒಂದು ದಿನದ ಊರಿನ ಆಚಾರವನ್ನು ನೋಡಿ ಬೇರೆ ದಿನಗಳಲ್ಲಿ ಬಿಸ್ಕತ್ತು ಎಸೆಯುವುದು ತಪ್ಪೆಂದು ಅವರಿಗೆ ಹೇಳಲೇಬೇಕು. ಭೀಮನಡಿ ಕಡೆಯ ಕಮ್ಮಾಡಂ ಕಾವು ಇದಕ್ಕಿಂತ ಬಹಳ ದೊಡ್ಡದು, ಐವತ್ತು ಎಕರೆಗೂ ಮಿಕ್ಕಿದ ದೇವರಕಾಡು. ಅದರೊಳಗೆ ರಾಂಪತ್ರೆಯ ಜಾತಿಯ ಮರಗಳು ನಿಂತ ನೀರಿನಲ್ಲಿ ಬೆಳೆದ ಜವುಗು ಇದೆ. ನೀರಿನಲ್ಲಿ ಮುಳುಗಿದ ಬೇರಿಗೆ ಗಾಳಿ ಸಿಗುವುದಿಲ್ಲವಾದ್ದರಿಂದ ಆ ಮರಗಳು ಬೇರನ್ನು ಮೊಣಕಾಲು ಮಡಚಿದಂತೆ ಕೆಸರಿನಿಂದ ಮೇಲಕ್ಕೆ ಎತ್ತಿ ಉಸಿರಾಡುತ್ತವೆ. ಅಂತಹ ಕಡೆ ಅಂಚಿನಲ್ಲಿ ನಿಂತು ನೋಡುವುದೇ ನಡಿಗೆ. ಒಂದು ಹೆಜ್ಜೆ ಒಳಗಿಟ್ಟರೂ ಉಸಿರಾಡುವ ಬೇರಿನ ಮೇಲೆ ಕಾಲಿಟ್ಟಂತೆ. ಕಾವಾಗಲಿ ಬನವಾಗಲಿ, ಅಲ್ಲಿಯವರ ಒಪ್ಪಿಗೆ, ಆಚಾರ, ಪ್ರವೇಶವಿಲ್ಲದ ಗಡಿ ಇವುಗಳನ್ನು ಕೇಳಿ ತಿಳಿದು ನಡೆಯಬೇಕು. ಕೊಡಲಿ ಮುಟ್ಟಬಾರದ ಜಾಗ ಎಂಬ ಆ ನಂಬಿಕೆ ಇದ್ದುದರಿಂದಲೇ ಅಲ್ಲಿ ನೋಡುವುದಕ್ಕೆ ಮರ ಉಳಿದಿದೆ.

ಇನ್ನು ನಮ್ಮದೇ ಕಾರಡ್ಕ, ಪರಪ್ಪದ ಕಾಡು. ಇದು ರಕ್ಷಿತಾರಣ್ಯ. ರಕ್ಷಿತಾರಣ್ಯದೊಳಗೆ ಅನುಮತಿ ಇಲ್ಲದೆ ಹೋಗುವುದು ಕೇರಳ ಅರಣ್ಯ ಕಾಯಿದೆಯ 27ನೇ ವಿಧಿಯ ಪ್ರಕಾರ ಅಪರಾಧ. ಅಜ್ಜನ ಕಾಲದಿಂದ ನಡೆದ ದಾರಿ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಗ್ರಂಥಾಲಯದ ಹೆಸರಿನಲ್ಲಿ, ಶಾಲೆಯ ಹೆಸರಿನಲ್ಲಿ ಅರ್ಜಿ ಕೊಟ್ಟು, ದಿನಾಂಕ, ಜನರ ಸಂಖ್ಯೆ ಮತ್ತು ಹೋಗುವ ದಾರಿಯನ್ನು ಬರೆದು, ಇಲಾಖೆಯ ಒಬ್ಬರು ಜೊತೆಗಿರುವಂತೆ ಕೇಳಿಕೊಳ್ಳುವುದು ಸರಿಯಾದ ಕ್ರಮ. ಜೊತೆಗೆ ಬರುವ ವಾಚರುಗಳಿಗೆ ತಿಳಿದಿರುವ ಕಾಡು ನಮಗೆ ತಿಳಿದಿರುವುದಿಲ್ಲ. ಒಮ್ಮೆ ಒಬ್ಬ ವಾಚರು ಕೈ ಎತ್ತಿ ನಮ್ಮನ್ನೆಲ್ಲ ನಿಲ್ಲಿಸಿ, ದಾರಿಯ ಪಕ್ಕದ ಬಳ್ಳಿಯೊಂದನ್ನು ತೋರಿಸಿದರು. ಎಷ್ಟು ನೋಡಿದರೂ ಬಳ್ಳಿಯೇ ಕಂಡಿತು. ಅವರು ಕೋಲಿನ ತುದಿಯಿಂದ ದೂರದಲ್ಲೇ ಗೆರೆ ಎಳೆದು ತೋರಿಸಿದ ಮೇಲೆ, ಪಾಚಿಬಣ್ಣದ ಗುಳಿಮಂಡಲ ಹಾವಿನ ತ್ರಿಕೋನಾಕಾರದ ತಲೆ ಆ ಬಳ್ಳಿಯಿಂದ ಬೇರೆಯಾಗಿ ಕಣ್ಣಿಗೆ ಬಿತ್ತು. ಅಂದಿನಿಂದ ನಾನು ಕೊಂಬೆ ಹಿಡಿದು ನಡೆಯುವುದನ್ನು ಬಿಟ್ಟೆ.

ಕಾಡಿನಲ್ಲಿ ನಿಧಾನ ನಡೆದು ಮರದ ಗುರುತು ಹಿಡಿಯುವುದು ಹವ್ಯಾಸ ಮಾತ್ರ ಎಂದು ತಿಳಿಯಬೇಡಿ. ಆಟಿ ಅಮಾವಾಸ್ಯೆಯ ದಿನ ಸೂರ್ಯೋದಯಕ್ಕೆ ಮೊದಲು ಹಾಲೆಮರದ ಕೆತ್ತೆಯನ್ನು ಕಲ್ಲಿನಿಂದ ಜಜ್ಜಿ ತಂದು, ಕರಿಮೆಣಸು, ಬೆಳ್ಳುಳ್ಳಿ, ಓಮ ಹಾಕಿ ಕಷಾಯ ಮಾಡಿ ಕುಡಿಯುವುದು ನಮ್ಮ ಮನೆಮನೆಯ ಪದ್ಧತಿ. ಆ ಕತ್ತಲಲ್ಲಿ ಹಾಲೆಯೆಂದು ಕಾಸರಕದ ಕೆತ್ತೆ ತಂದರೆ ಜೀವಕ್ಕೇ ಅಪಾಯ. ಕಾಸರಕದ ಬೀಜದಲ್ಲಿ ಸ್ಟ್ರಿಕ್ನೀನ್ ಎಂಬ ಕಠಿಣ ವಿಷವಿದೆ, ಕೆತ್ತೆಯೂ ವಿಷವೇ. ಹಗಲಿನಲ್ಲಿ ಎರಡನ್ನೂ ಅಕ್ಕಪಕ್ಕ ತೋರಿಸಿದರೆ ಹತ್ತು ವರ್ಷದ ಮಗುವೂ ಮತ್ತೆ ತಪ್ಪುವುದಿಲ್ಲ. ಹಾಲೆಯ ಎಲೆಗಳು ಒಂದೇ ಗಂಟಿನಲ್ಲಿ ಕೊಡೆಯ ಕಡ್ಡಿಗಳಂತೆ ಸುತ್ತಲೂ ಹರಡಿರುತ್ತವೆ, ಅನೇಕ ಸಲ ಏಳು; ಸಪ್ತಪರ್ಣ ಎಂಬ ಹೆಸರು ಬಂದದ್ದು ಹಾಗೆ. ಎಲೆ ಮುರಿದರೆ ಬಿಳಿಯ ಹಾಲು ಒಸರುತ್ತದೆ. ಕಾಸರಕದ ಎಲೆಗಳು ಎದುರುಬದುರಾಗಿ ಎರಡೆರಡು, ಹೊಳಪಾದವು, ಬುಡದಿಂದಲೇ ಮೂರೋ ಐದೋ ನರಗಳು ತುದಿಯವರೆಗೆ ಬಾಗಿ ಹೋಗುತ್ತವೆ, ಹಾಲು ಬರುವುದಿಲ್ಲ, ಹಣ್ಣು ಕಿತ್ತಳೆ ಬಣ್ಣದ ಪುಟ್ಟ ಚೆಂಡು. ನಮ್ಮ ಊರಿನ ಹೆಸರೇ ಈ ಕಾಸರಕದಿಂದ ಬಂದದ್ದೆಂಬ ಒಂದು ವಿವರಣೆಯಿದೆ. 2023ರಲ್ಲಿ ಜಿಲ್ಲೆಯ ಅಧಿಕೃತ ಮರವೆಂದು ಘೋಷಿಸಿದ್ದೂ ಇದನ್ನೇ. ಅದರೊಂದಿಗೆ ಬಿಳಿಹೊಟ್ಟೆಯ ಕಡಲ ಹದ್ದನ್ನು ಜಿಲ್ಲೆಯ ಹಕ್ಕಿಯೆಂದೂ, ಪೆರಿಯದ ಮುರಕಲ್ಲು ನೆಲದ ತೋಡಿನಲ್ಲಿ ಅರಳುವ ಬಿಳಿಯ ಪೊಲತ್ತಾಳಿಯನ್ನು ಜಿಲ್ಲೆಯ ಹೂವೆಂದೂ, ನಮ್ಮ ಪಯಸ್ವಿನಿಯೇ ಕೆಳಗೆ ಚಂದ್ರಗಿರಿಯಾಗಿ ಹರಿಯುವಲ್ಲಿರುವ ಮೆದುಚಿಪ್ಪಿನ ದೊಡ್ಡ ಆಮೆಯನ್ನು ಜಿಲ್ಲೆಯ ಜೀವಿಯೆಂದೂ ಗೊತ್ತುಮಾಡಿದರು. ಜಿಲ್ಲೆಯ ಮರವನ್ನು ಗುರುತಿಸಬಲ್ಲ ವಿದ್ಯಾರ್ಥಿಗಳು ಇಲ್ಲಿ ಎಷ್ಟು ಮಂದಿ ಇದ್ದೀರಿ ಎಂದು ಕೇಳಿ ನಿಮ್ಮನ್ನು ಮುಜುಗರಕ್ಕೆ ಸಿಲುಕಿಸುವುದಿಲ್ಲ. ಗ್ರಂಥಾಲಯದ ಹಿಂದಿನ ಬೇಲಿಯಲ್ಲೇ ಒಂದಿದೆ, ಸಭೆ ಮುಗಿದ ಮೇಲೆ ತೋರಿಸುತ್ತೇನೆ.

ಹೆಸರಿನ ವಿಷಯದಲ್ಲಿ ನನಗೆ ಒಂದು ಕಳಕಳಿ ಇದೆ. ಹಾಲೆಯನ್ನು ತುಳುವಿನಲ್ಲಿ ಪಾಲೆ ಎನ್ನುತ್ತಾರೆ, ಮಲಯಾಳದಲ್ಲಿ ಏಳಿಲಂಪಾಲ. ಕಾಸರಕ ತುಳುವಿನವರಿಗೆ ಕಾಯೆರ್, ಮಲಯಾಳದವರಿಗೆ ಕಾಞಿರಂ. ಒಂದೇ ಮರಕ್ಕೆ ಹತ್ತಿರಹತ್ತಿರದ ಹೆಸರುಗಳು ನಮ್ಮ ಗಡಿನಾಡಿನಲ್ಲಿ ಒಟ್ಟಿಗೆ ಬದುಕಿವೆ. ದಾರಿಯ ಬದಿಯಲ್ಲಿ ಮರಕ್ಕೆ ಫಲಕ ಹಾಕುವುದಾದರೆ, ಮೊಳೆ ಹೊಡೆಯದೆ ನೆಲದಲ್ಲಿ ಸಣ್ಣ ಕಂಬ ನೆಟ್ಟು, ವೈಜ್ಞಾನಿಕ ಹೆಸರಿನ ಜೊತೆಗೆ ಕನ್ನಡ, ತುಳು, ಮಲಯಾಳ ಮೂರನ್ನೂ ಬರೆಯಬೇಕೆಂದು ನಾವು ಕೇಳಬೇಕು. ಅದಕ್ಕಿಂತ ಮೊದಲು ಆ ಹೆಸರುಗಳನ್ನು ಬಲ್ಲ ಅಜ್ಜಿಯಂದಿರನ್ನು ಆ ದಾರಿಯಲ್ಲಿ ನಡೆಸಿ ಬರೆದುಕೊಳ್ಳಬೇಕು. ಅದಕ್ಕಾಗಿಯೇ ದಾರಿ ಅವರ ಮೊಣಕಾಲಿಗೆ ಹೊಂದುವಂತಿರಬೇಕು. ಅಂಗಳದಲ್ಲಿ ಕುಳ್ಳಿರಿಸಿ ಕೇಳಿದರೆ ಅವರಿಗೆ ಹತ್ತು ಹೆಸರು ನೆನಪಾಗುತ್ತದೆ. ಕಾಡಿನಲ್ಲಿ ಎಲೆ ಕೈಗೆ ಸಿಕ್ಕಾಗ ಹೆಸರು ತಾನಾಗಿ ಬಾಯಿಗೆ ಬರುತ್ತದೆ, ಅದರ ಹಿಂದೆಯೇ ಅದರ ಉಪಯೋಗವೂ, ಅದನ್ನು ಕಲಿಸಿಕೊಟ್ಟವರ ನೆನಪೂ ಬರುತ್ತದೆ.

ಹೊರಡುವವರಿಗೆ ಕೆಲವು ಮಾತು. ಅಕ್ಟೋಬರ್ ಕೊನೆಯಿಂದ ಫೆಬ್ರವರಿವರೆಗೆ ಒಳ್ಳೆಯ ಸಮಯ. ಮಳೆಗಾಲದಲ್ಲಿ ಮುರಕಲ್ಲು ಜಾರುತ್ತದೆ, ತೋಡುಗಳು ಹೇಳದೆ ಏರುತ್ತವೆ. ಮೀನ ತಿಂಗಳ (ಮಾರ್ಚ್-ಏಪ್ರಿಲ್) ಮೇಲೆ ಬೆಂಕಿಯ ಭಯ. ಉಂಬಳಕ್ಕೆ (ಜಿಗಣೆಗೆ) ಹೆದರಿ ಹಿಂದೆ ಉಳಿಯಬೇಡಿ. ಉದ್ದದ ಕಾಲುಚೀಲದೊಳಗೆ ಪ್ಯಾಂಟು ತುರುಕಿ, ನಿಂತಲ್ಲಿ ಒಮ್ಮೆ ಪರಸ್ಪರ ನೋಡಿಕೊಂಡರೆ ಸಾಕು. ಹಿಡಿದದ್ದನ್ನು ಎಳೆದು ಕೀಳದೆ ಉಗುರಿನ ಅಂಚಿನಿಂದ ಬದಿಗೆ ಜಾರಿಸಬೇಕು. ಪರಿಮಳದ ಎಣ್ಣೆ, ಜೋರು ಬಣ್ಣದ ಬಟ್ಟೆ, ಫೋನಿನ ಹಾಡು ಬೇಡ. ತಿಂಡಿ ತರುವುದಾದರೆ ಬಾಳೆಎಲೆಯಲ್ಲಿ ಕಟ್ಟಿದ್ದಾದರೂ ಸರಿ, ಎಲೆಯನ್ನೂ ವಾಪಸು ತನ್ನಿ, ಏಕೆಂದರೆ ಅದಕ್ಕೆ ಅಂಟಿದ ಉಪ್ಪಿನ ವಾಸನೆಗೆ ಮಂಗ ದಾರಿಗೆ ಬರುತ್ತದೆ.

ಸಭೆಯಿಂದ ಬಂದ ಮೊದಲ ಪ್ರಶ್ನೆ ಆನೆಯ ಕುರಿತು. ಕಾರಡ್ಕ, ದೇಲಂಪಾಡಿ, ಮುಳಿಯಾರು ಕಡೆಯ ತೋಟಗಳಲ್ಲಿ ಆನೆಯಿಂದ ಆದ ನಷ್ಟವನ್ನು ಕಂಡವರು ನೀವು. ಕಾಡಿಗೆ ಜನರನ್ನು ಕರೆದುಕೊಂಡು ಹೋಗುವುದು ಸರಿಯೇ ಎಂದು ಕೇಳಿದ್ದು ನ್ಯಾಯವೇ. ಆನೆ ಬಂದಿದೆ ಎಂಬ ಸುದ್ದಿ ಇರುವ ವಾರ ನಾವು ಹೊರಡುವುದಿಲ್ಲ. ರಾಣಿಪುರದಲ್ಲಿಯೂ ಆನೆ ಇಳಿದಾಗ ದಾರಿ ಮುಚ್ಚುತ್ತಾರೆ, ಅದನ್ನು ಪ್ರಶ್ನಿಸಬಾರದು. ದಾರಿಯಲ್ಲಿ ಹಸಿ ಲದ್ದಿ, ಆಗಷ್ಟೇ ಮುರಿದ ಈಂದುಮರ, ಬಿದಿರು ಕಂಡರೆ ಅಲ್ಲಿಂದಲೇ ಹಿಂದಿರುಗುತ್ತೇವೆ, ಎಷ್ಟು ದೂರದಿಂದ ಬ‌ಂದಿದ್ದರೂ ಸರಿ. ಎರಡು ಸಲ ಹಾಗೆ ಹಿಂದಿರುಗಿದ್ದೇವೆ. ಎರಡು ಸಲವೂ ಮಕ್ಕಳಿಗೆ ಆ ಅರ್ಧ ನಡಿಗೆಯೇ ಹೆಚ್ಚು ನೆನಪಿದೆ.

ಎರಡನೆಯದನ್ನು ಹಿಂದಿನ ಸಾಲಿನಲ್ಲಿ ಕುಳಿತ ಅಮ್ಮ ಕೇಳಿದರು: ಅವರ ಮಗನಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಅವನನ್ನು ಕರೆತರಬಹುದೇ ಎಂದು. ಖಂಡಿತ ತನ್ನಿ ಅಮ್ಮ. ದಾರಿ ಸಮತಟ್ಟಾಗಿರುವ ಕಡೆಗೆ ಹೋಗೋಣ, ಒಬ್ಬರು ಅವನ ಕೈ ಹಿಡಿದಿರಲಿ. ಧೂಪದ ಮರದಿಂದ ಒಸರಿದ ಮಡ್ಡಿಯ ವಾಸನೆ, ಕಾಡು ದಾಲ್ಚಿನ್ನಿಯ ಎಲೆ, ಒರಟು ತೊಗಟೆ, ನಯ ತೊಗಟೆ, ತರಗೆಲೆಯ ಮೇಲೆ ಹೆಜ್ಜೆಯ ಸದ್ದು, ಎತ್ತರದಲ್ಲಿ ಮಂಗಟ್ಟೆ, ಇವನ್ನೆಲ್ಲ ಅವನಿಗೆ ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. ಮುಂದಿನ ನಡಿಗೆಗೆ ಹನ್ನೆರಡು ಜನರಿಗೆ ಅನುಮತಿ ಕೇಳಿದ್ದೇವೆ. ಅವನ ಹೆಸರನ್ನು ಈಗಲೇ ಮೊದಲನೆಯದಾಗಿ ಬರೆದುಕೊಂಡಿದ್ದೇನೆ.